ಬೆಟ್ಟದ ಮೇಲೆ ‘ನೀವು’ ಅಂದವನು

“ನೀವು ಈ ಇಳಿಜಾರು ದಾಟೋ ಹಾಗಿಲ್ಲ.”

ನೀವು...

ನೊಟ್ಬುರ್ಗಾಳ ಮೈಯೆಲ್ಲ ಉರಿದುಹೋಯಿತು. ಟಿರೋಲ್‌ನ ಬೆಟ್ಟಗಳಲ್ಲಿ ಸಾವಿರ ಮೀಟರ್ ಹತ್ತಿದ ಮೇಲೆ ಯಾರೂ ಯಾರಿಗೂ ‘ನೀವು’ ಅನ್ನುವುದಿಲ್ಲ. ಪಾದ್ರಿಗೂ ‘ನೀನು’, ಮೇಯರಿಗೂ ‘ನೀನು’. ಹಿಮಕುಸಿತದ ಕಾವಲಿಗಿರುವ ಈ ಕಾಸಿಯಾನ್ ಕೂಡ ಹೋದ ಚಳಿಗಾಲದವರೆಗೆ ‘ನೀನು’ ಅನ್ನುತ್ತಿದ್ದವನೇ.

ಈಗ ನಾನು ಪರಕೀಯಳಾ ಇವನಿಗೆ?

“ಮೊನ್ನೆಯೂ ವಾಪಸ್, ಇವತ್ತೂ ವಾಪಸ್. ತಂಗುಮನೇಲಿ ನನ್ನ ಗಿರಾಕಿಗಳು ಸೂಪು ಕುಡಿದು ಕುಡಿದು ಮುಖ ಸಿಂಡರಿಸಿ ಕೂತಿದ್ದಾರೆ. ಇವತ್ತು ಆಚೆ ಕಣಿವೆಗೆ ಕರ್ಕೊಂಡು ಹೋಗದಿದ್ರೆ ಬೇರೆ ಗೈಡ್ ಹುಡುಕ್ತಾರೆ. ನಿನಗೇನು, ಹಿಮ ಪರೀಕ್ಷೆ ಅಂತ ಹೆಗ್ಗಣದ ಥರ ಗುಂಡಿ ತೋಡ್ಕೊಂಡಿರು.”

ಅವನು ಗುಂಡಿಯ ಅಂಚಿನ ಹಿಮದ ಮೇಲೆ ಸಲಿಕೆ ಇಟ್ಟು ಅಂಗೈಯಿಂದ ತಟ್ಟಿದ. ಮೇಲಿನ ಪದರ ಹಲಗೆಯ ಹಾಗೆ ಜಾರಿ ಅವಳ ಬೂಟಿನ ಮೇಲೆ ಬಿತ್ತು.

“ಗಾಳಿ ತಂದು ಸುರಿದ ಹಿಮ. ಅಡಿಯಲ್ಲಿ ಸಕ್ಕರೆ ಥರ ಪುಡಿ, ಹಿಡಿತವೇ ಇಲ್ಲ. ನೀವು...”

“ಮತ್ತೆ ನೀವು!”

ಹಿಮದ ಗುಣ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹಟಕ್ಕೆ ಬಿದ್ದು ಸ್ಕೀ ಕೋಲೂರಿ ಮುಂದೆ ಜಾರಿದಳು.

ಧುಮ್...

ಬೆಟ್ಟದ ಹೊಟ್ಟೆಯೊಳಗಿಂದ ಸದ್ದು ಬಂತು. ಸ್ಕೀಗಳ ಮುಂದೆ ಕೂದಲೆಳೆಯಂಥ ಬಿರುಕು ಓಡಿತು.

“ಬುರ್ಗಿ, ನೀನು ಅಲ್ಲಾಡಬೇಡ!”

ಅವನ ಕೈ ಅವಳ ಚೀಲದ ಪಟ್ಟಿ ಹಿಡಿದು ಹಿಂದಕ್ಕೆಳೆಯಿತು. ಇಳಿಜಾರು ಜಾರಲಿಲ್ಲ. ಏನೂ ಆಗದ ಹಾಗೆ ಬೆಳ್ಳಗೆ ಕೂತಿತ್ತು.

ಉಸಿರು ಹತೋಟಿಗೆ ಬಂದ ಮೇಲೆ ಅವಳೇ ಕೇಳಿದಳು. “ಬರುತ್ತಲ್ಲ ಬಾಯಲ್ಲಿ ‘ನೀನು’. ಇಷ್ಟು ದಿನ ಯಾಕೆ ಆ ದರಿದ್ರ ‘ನೀವು’?”

ಅವನು ಹಿಮ ನೋಡುತ್ತ ಹೇಳಿದ. “ಹೋದ ಮಾರ್ಚಲ್ಲಿ ನೀನು ‘ಬಾರೋ, ಏನೂ ಆಗಲ್ಲ’ ಅಂದೆ. ಹಿಮ ಕೆಟ್ಟಿದೆ ಅಂತ ಗೊತ್ತಿದ್ದೂ ನಾನು ನಿನ್ನ ಹಿಂದೆ ಬಂದೆ. ಆ ಕುಸಿತದಲ್ಲಿ ಇಬ್ಬರೂ ಉಳಿದಿದ್ದೇ ಹೆಚ್ಚು. ‘ನೀನು’ ಅಂದ್ರೆ ನನ್ನ ಬಾಯಲ್ಲಿ ‘ಬೇಡ’ ಬರಲ್ಲ ಬುರ್ಗಿ. ನಿನಗೆ ‘ಬೇಡ’ ಅನ್ನೋಕಾದ್ರೂ ನಾನು ದೂರ ಇರಬೇಕಿತ್ತು...”

ಅವಳು ಕೋಲಿನಿಂದ ಅವನ ಬೂಟಿಗೆ ಕುಟ್ಟಿದಳು.

“ಅಷ್ಟಕ್ಕೆ ಚಳಿಗಾಲವಿಡೀ ನನ್ನ ಸುಟ್ಟೆಯಲ್ಲೋ ಕತ್ತೆ. ಈಗ ಎರಡನ್ನೂ ಸೇರಿಸಿ ಹೇಳು, ನೋಡೋಣ.”

“ನೀನು... ಹೋಗಬೇಡ.” ಅವನು ಹಿಮದಿಂದ ಕಣ್ಣೆತ್ತಿ ಅವಳನ್ನು ನೋಡಿದ. “ಅಲ್ಲಿಗೂ ಬೇಡ. ನನ್ನ ಬಿಟ್ಟೂ ಬೇಡ.”

ಅವಳು ಸ್ಕೀಗಳನ್ನು ತಂಗುಮನೆಯ ಕಡೆ ತಿರುಗಿಸಿದಳು.

“ಗಿರಾಕಿಗಳು ಬಾಯಿಗೆ ಬಂದಂಗೆ ಬೈತಾರೆ ಕಣೋ.”

“ತಡಿ, ನಾನೂ ಬರ್ತೀನಿ. ಇಬ್ಬರೂ ಸೇರಿ ಬೈಸ್ಕೊಳ್ಳೋಣ.”