ಕಂಬಿ ಬಿಟ್ಟ ಕೈ

ಆ ಸೋಮವಾರ ಮೊದಲ ಟ್ರಿಪ್ಪಿನ ಹೊತ್ತಿಗೆ ಡ್ರೈವರ್ ಸೀಟಿನಲ್ಲಿ ಬೇರೆ ಮನುಷ್ಯ ಕುಳಿತಿದ್ದ. ಡಿಪೋದಲ್ಲಿ ಎಲ್ಲರೂ ಮೀಸೆಯಣ್ಣ ಎಂದು ಕರೆಯುವ ಹಿರಿಯ ಡ್ರೈವರ್. ಕಂಡಕ್ಟರಮ್ಮ ಒಂದು ಕಾಲು ನೆಲದ ಮೇಲೆ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟುಕೊಂಡೇ ಕೇಳಿದಳು.

"ಯಾಕಣ್ಣ, ಅವರಿಗೆ ರಜೆಯಾ?"

ಮೀಸೆಯಣ್ಣ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅವನ ತಾಯಿ ಹೋಗ್ಬಿಟ್ರಮ್ಮ. ಬೆಳಗಿನ ಜಾವ, ನಿದ್ದೆಯಲ್ಲೇ. ಪುಣ್ಯವಂತರು, ಯಾರ ಕೈಯಲ್ಲೂ ಒಂದು ಲೋಟ ನೀರು ತರಿಸಿಕೊಳ್ಳಲಿಲ್ಲ."

ನಿನ್ನೆ ಸಂಜೆ ತಾನೇ ಆ ತಾಯಿ, ಅವಳ ಪಾಲಿನ ಟೀಚರಮ್ಮ, ತಮ್ಮ ಮನೆಯ ಗೇಟಿನವರೆಗೆ ಬಂದು ಕಂಡಕ್ಟರಮ್ಮನ ಬೆನ್ನು ತಟ್ಟಿದ್ದರು. "ನಾಳೆ ತಪ್ಪದೆ ಬಾ ಮಗಳೇ. ನಿನಗೊಂದು ಮಾತು ಹೇಳೋದಿದೆ. ಕೂತು ಕೇಳೋ ಮಾತಲ್ಲ, ನಿಂತು ಕೇಳೋ ಮಾತು." ಆ ನಾಳೆ ಬಂದಿತ್ತು. ಮಾತು ಮಾತ್ರ ಟೀಚರಮ್ಮನ ಜೊತೆಗೇ ಹೊರಟುಹೋಗಿತ್ತು.

ಜನ ಹತ್ತಿಯಾಗಿತ್ತು. ಅಳುವುದಕ್ಕೂ ಒಂದು ನಿಲ್ದಾಣ ಬೇಕು. ಅವಳು ಎರಡು ಸಲ ಸೀಟಿ ಊದಿದಳು, ಬಸ್ಸು ಹೊರಟಿತು.

ಔಷಧಿ ಅಂಗಡಿಯ ಮುಂದಿನ ತಿರುವಿನಲ್ಲಿ ಮೀಸೆಯಣ್ಣ ಎಲ್ಲ ಡ್ರೈವರುಗಳಂತೆ ಸ್ಟಿಯರಿಂಗ್ ಎಳೆದ. ಕಂಡಕ್ಟರಮ್ಮನ ಕಣ್ಣ ಮುಂದೆ ಕಿಟಕಿಗಳೆಲ್ಲ ಒಂದರ ಮೇಲೊಂದು ಜಾರಿದವು. ಮರುಕ್ಷಣ ಅವಳು ಯಾರದೋ ಈರುಳ್ಳಿ ಮೂಟೆಯ ಮೇಲೆ ಕುಳಿತಿದ್ದಳು.

"ಪೆಟ್ಟಾಯ್ತಾ ತಾಯಿ?" ಎಂದು ಮೂಟೆಯ ಒಡೆಯ ಕೇಳಿದ. ಕೇಳುವಾಗ ಅವನ ಕಣ್ಣು ಈರುಳ್ಳಿಯ ಮೇಲೇ ಇತ್ತು.

ಮೀಸೆಯಣ್ಣ ಬಸ್ಸು ನಿಲ್ಲಿಸಿ ತಿರುಗಿದ. "ನನ್ನದೇ ತಪ್ಪಮ್ಮ. ನಿಮಗೆ ಹಾಲಿನ ಗಾಡಿ ಅಭ್ಯಾಸ ಆಗಿಬಿಟ್ಟಿದೆ ಅನ್ನೋದು ಮರೆತೆ."

"ಹಾಲಿನ ಗಾಡಿನಾ?"

"ನಿಮಗೆ ಗೊತ್ತಿಲ್ವಾ? ನೀವು ಡ್ಯೂಟಿಗೆ ವಾಪಸ್ ಬಂದಾಗಿನಿಂದ ಡಿಪೋ ಪೂರ್ತಿ ಅವನನ್ನ ಹಾಗೇ ಕರೆಯೋದು. ಹಾಲು ತುಂಬಿದ ಪಾತ್ರೆ ತುಳುಕಬಾರದು ಅನ್ನೋ ಹಾಗೆ ಓಡಿಸ್ತಾನಲ್ಲ."

ಬಿದ್ದ ಪೆಟ್ಟಿಗಿಂತ ಈ ಮಾತಿನ ಪೆಟ್ಟು ಜೋರಾಗಿತ್ತು.

ಎಂಟು ತಿಂಗಳ ಹಿಂದೆ ಅವಳಿಗೆ ರಕ್ತಕ್ಕೆ ಸೋಂಕು ತಗಲಿ ಮೂರು ವಾರ ಇಂಜೆಕ್ಷನ್ ಕೊಟ್ಟಿದ್ದರು. ಔಷಧಿ ಜೀವ ಉಳಿಸಿತು. ಹೋಗುವಾಗ ಕಿವಿಯೊಳಗಿನ ಸಮತೋಲವನ್ನು ತನ್ನ ಜೊತೆಗೇ ತೆಗೆದುಕೊಂಡು ಹೋಯಿತು. ನಡೆದರೆ ರಸ್ತೆ ಕುಣಿಯುತ್ತಿತ್ತು, ಅಂಗಡಿಗಳ ಹೆಸರು ಓದಲು ಬರುತ್ತಿರಲಿಲ್ಲ, ಗೋಡೆ ಹಿಡಿಯದೆ ಬಚ್ಚಲಿಗೆ ಹೋಗುವುದೂ ಆಗುತ್ತಿರಲಿಲ್ಲ. "ಹೋದದ್ದು ಬರೋದಿಲ್ಲ," ಎಂದಿದ್ದರು ಡಾಕ್ಟರು. "ಆದರೆ ನಿಮ್ಮ ಕಣ್ಣು, ಕಾಲು ಆ ಕೆಲಸ ಕಲಿಯಬಹುದು. ತಲೆ ತಿರುಗುತ್ತೆ ಅಂತ ಕೂತರೆ ಕಲಿಯೋದಿಲ್ಲ. ತಿರುಗಿಸಿದರೇ ಕಲಿಯೋದು," ಎಂದು ಹೇಳಿ ವ್ಯಾಯಾಮದ ಹಾಳೆಯೊಂದನ್ನು ಕೊಟ್ಟಿದ್ದರು.

ಆ ಹಾಳೆ ಹಿಡಿದು ಡಿಪೋದ ಬೆಂಚಿನ ಮೇಲೆ ಕುಳಿತಿದ್ದಾಗ ಅವಳ ಬಸ್ಸಿನ ಡ್ರೈವರ್ ಹತ್ತಿರ ಬಂದಿದ್ದ. ನಾಲ್ಕು ವರ್ಷ ಒಂದೇ ಬಸ್ಸಿನಲ್ಲಿ ದುಡಿದರೂ ಅವನು ಆಡಿದ ಮಾತು ಬೆರಳೆಣಿಕೆಯಷ್ಟು. ಅಂದು ಒಂದೇ ಉಸಿರಿಗೆ ಹೇಳಿದ್ದ. "ನಮ್ಮಮ್ಮ ಡ್ರಿಲ್ ಟೀಚರ್ ಆಗಿದ್ರು. ಮೂವತ್ತೈದು ವರ್ಷ ಮಕ್ಕಳನ್ನ ಒಂಟಿ ಕಾಲಲ್ಲಿ ನಿಲ್ಲಿಸಿದ್ದಾರೆ. ನಿಮ್ಮನ್ನೂ ನಿಲ್ಲಿಸ್ತಾರೆ."

ನಿಲ್ಲಿಸಿದ್ದರು ಕೂಡ. ಸಂಜೆ ಸಂಜೆ ಅವರ ಮನೆಯ ಜಗಲಿಯಲ್ಲಿ ಮೊದಲು ದಿಂಬಿನ ಮೇಲೆ, ಆಮೇಲೆ ಕಣ್ಣು ಮುಚ್ಚಿ. ಕಾಗದದ ಮೇಲೆ 'ಅ' ಎಂದು ದೊಡ್ಡದಾಗಿ ಬರೆದು ಮುಂದೆ ಹಿಡಿಯುತ್ತಿದ್ದರು. ಕಣ್ಣು ಆ ಅಕ್ಷರದ ಮೇಲೆ ನೆಟ್ಟಿರಬೇಕು, ತಲೆ ಮಾತ್ರ ಆಡಬೇಕು. "ಬೇಡ ಬೇಡ ಅಂತ ಇಪ್ಪತ್ತು ಸಲ, ಹೂಂ ಹೂಂ ಅಂತ ಇಪ್ಪತ್ತು ಸಲ. ಅಕ್ಷರ ಅಲ್ಲಾಡಿದರೆ ಮತ್ತೆ ಮೊದಲಿಂದ." ಮುಗಿದ ಮೇಲೆ ಎರಡು ಮೊಟ್ಟೆ, ಒಂದು ಬಟ್ಟಲು ಬೇಯಿಸಿದ ಕಾಳು, ಸೊಪ್ಪು. ಉಪ್ಪು ಹೆಸರಿಗಷ್ಟೇ, ಕಾಫಿ ಪೂರ್ತಿ ಬಂದ್. ಮೂರು ವಾರ ಮಲಗಿ ಕಡ್ಡಿಯಾಗಿದ್ದ ಕಾಲುಗಳು ನಿಧಾನವಾಗಿ ಕಾಲುಗಳಾದವು.

ಕಾಫಿ ಬಿಟ್ಟಿದ್ದು ಅವಳೊಬ್ಬಳೇ ಅಲ್ಲ ಎಂಬುದು ಒಂದು ದಿನ ಡಿಪೋ ಕ್ಯಾಂಟೀನಿನಲ್ಲಿ ಗೊತ್ತಾಗಿತ್ತು. ಡ್ರೈವರ್ ಮುಂದೆ ಬಿಸಿನೀರಿನ ಲೋಟ ಇತ್ತು.

"ನಿಮಗೇನು ಕಾಯಿಲೆ?" ಎಂದು ಅವಳು ಕೇಳಿದ್ದಳು.

"ವಾಸನೆ ಬಂದರೆ ನಿಮಗೆ ಆಸೆಯಾಗುತ್ತೆ ಅಂತ," ಎಂದು ಹೇಳಿ ಅವನು ಎದ್ದು ಹೋಗಿದ್ದ. ಹೋಗುವಾಗ ಕಿವಿ ಕೆಂಪಾಗಿತ್ತು.

ಈಗ ತಿಂಗಳ ಗಡುವಿನ ಮೇಲೆ ಅವಳು ಡ್ಯೂಟಿಗೆ ಬಂದಿದ್ದಳು. ಗಡುವಿನ ಕೊನೆಗೆ ಡಿಪೋ ಮ್ಯಾನೇಜರ್ ಖುದ್ದು ಬಸ್ಸಿನಲ್ಲಿ ಕುಳಿತು ನೋಡುತ್ತಾರೆ. ಕಂಬಿ ಹಿಡಿಯದೆ ನಿಂತು ಕೆಲಸ ಮಾಡಿದರೆ ಬಸ್ಸು ಅವಳದು. ಇಲ್ಲವಾದರೆ ಆಫೀಸಿನ ಹಿಂದಿನ ಕೋಣೆಯಲ್ಲಿ ಫೈಲುಗಳ ನಡುವೆ ಕುರ್ಚಿ. ಮೆಟ್ಟಿಲ ಮೇಲೆ ನಿಂತು ಗಾಳಿಗೆ ಮುಖ ಕೊಟ್ಟು ಬದುಕಿದವಳಿಗೆ ಆ ಕುರ್ಚಿ ನೆನೆದರೇ ಉಸಿರು ಕಟ್ಟುತ್ತಿತ್ತು.

ಇನ್ನು ಹದಿನೈದು ದಿನ ಉಳಿದಿತ್ತು. ತಾನು ಪೂರ್ತಿ ಗುಣವಾದೆ ಎಂದು ನಂಬಿದ್ದಳು. ನಿಂತಿದ್ದು ತನ್ನ ಕಾಲಲ್ಲ, ಅವನ ಬ್ರೇಕು ಎಂಬುದು ಈರುಳ್ಳಿ ಮೂಟೆಯ ಮೇಲೆ ತಿಳಿಯಿತು.

ಅಂದು ಸಂಜೆ ಅವನ ಮನೆ ತುಂಬ ಜನ. ಅವನು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಸಿಟ್ಟು ಮಾಡಲು ಬಂದವಳು ಆ ಮುಖ ಕಂಡು ಸುಮ್ಮನೆ ಪಕ್ಕದಲ್ಲಿ ನಿಂತಳು.

ಎಂಟನೆಯ ದಿನ ಮತ್ತೆ ಹೋದಾಗ ಮನೆ ಖಾಲಿಯಾಗಿತ್ತು. ಅವನು ಜಗಲಿಯ ಮೇಲೆ ಒಬ್ಬನೇ ಕುಳಿತು 'ಅ' ಬರೆದ ಕಾಗದವನ್ನು ನೋಡುತ್ತಿದ್ದ.

"ನಿಮ್ಮನ್ನ ಬೈಯೋದಿದೆ," ಎಂದಳು. "ಇವತ್ತು ಬೈಯಬಹುದಾ, ಇನ್ನೂ ಎರಡು ದಿನ ಬಿಟ್ಟು ಬರಲಾ?"

"ಇವತ್ತೇ ಬೈಯಿರಿ. ಎಂಟು ದಿನದಿಂದ ಎಲ್ಲರೂ ಸಮಾಧಾನ ಹೇಳಿ ಹೇಳಿ ಸಾಕಾಗಿದೆ."

"ಹಾಲಿನ ಗಾಡಿಯವರೇ, ನನ್ನನ್ನ ಮೊಟ್ಟೆ ಬುಟ್ಟಿ ಅಂದ್ಕೊಂಡಿದ್ದೀರಾ?"

ಅವನು ತಲೆ ತಗ್ಗಿಸಿದ. "ಅಮ್ಮನೂ ಅದನ್ನೇ ಹೇಳಿದ್ರು. ಆ ಭಾನುವಾರ ನಿಮ್ಮನ್ನ ನೋಡೋಕೆ ಅಂತ ನಮ್ಮ ಬಸ್ಸು ಹತ್ತಿದ್ರಲ್ಲ, ರಾತ್ರಿ ಊಟಕ್ಕೆ ಕೂತಾಗ ತರಾಟೆಗೆ ತಗೊಂಡ್ರು. ನಾನು ಕಟ್ಟಿದ್ದನ್ನ ನೀನು ಕೆಡವುತ್ತಾ ಇದೀಯ, ನಾಳೆ ಅವಳಿಗೆ ಹೇಳ್ತೀನಿ ಅಂದ್ರು."

ಹಾಗಾದರೆ ನಿಂತು ಕೇಳಬೇಕಾದ ಮಾತು ಇದೇ ಇರಬೇಕು ಎಂದುಕೊಂಡಳು.

"ಯಾಕೆ ಹಾಗೆ ಮಾಡಿದ್ರಿ?"

"ಕನ್ನಡಿಯಲ್ಲಿ ಕಾಣ್ತಿತ್ತು," ಎಂದ. "ಒಂದೊಂದು ತಿರುವಿಗೂ ನಿಮ್ಮ ಮುಖ ಬಿಳಿಚಿಕೊಳ್ಳೋದು. ನನ್ನ ಕಾಲು ತಾನಾಗೇ ಮೆತ್ತಗಾಗ್ತಿತ್ತು."

"ನಿಮ್ಮ ಕನ್ನಡಿ ಇರೋದು ಹಿಂದಿನ ಗಾಡಿ ನೋಡೋಕೆ."

"ಎಲ್ಲರೂ ನಮ್ಮನ್ನ ದಾಟಿ ಹೋಗ್ತಿದ್ರು, ಹಿಂದೆ ಗಾಡಿ ಇದ್ದರೆ ತಾನೇ," ಎಂದು ಅವನು ಮೆಲ್ಲನೆ ಹೇಳಿದ. ಎಂಟು ದಿನಗಳ ನಂತರ ಅವನ ಮುಖದಲ್ಲಿ ನಗೆಯ ಎಳೆಯೊಂದು ಕಂಡಿತು. ಅವಳ ಎದೆಯಲ್ಲಿ ಯಾರೋ ಸೀಟಿ ಊದಿದಂತಾಯಿತು.

"ಏಳಿ," ಎಂದಳು. "ಕಾಗದ ಹಿಡೀರಿ. ಗಡುವಿಗೆ ಏಳು ದಿನ ಇದೆ. ಟೀಚರಮ್ಮ ಶುರು ಮಾಡಿದ್ದನ್ನ ಮುಗಿಸೋರು ಬೇಕಲ್ಲ."

ಅವನು ಕೈ ಚಾಚಿ ಕಾಗದ ಹಿಡಿದ. ಅವಳು 'ಅ' ನೋಡುತ್ತ ತಲೆ ಆಡಿಸಿದಳು. ಬೇಡ, ಬೇಡ, ಬೇಡ. ಹತ್ತನೆಯ ಸಲಕ್ಕೆ ಅಕ್ಷರ ಮಸುಕಾಯಿತು, ಅದರ ಹಿಂದಿನ ಮುಖ ಸ್ಪಷ್ಟವಾಯಿತು. ಎಡ ಹುಬ್ಬಿನ ಮೇಲೆ ಚಿಕ್ಕ ಗಾಯದ ಗುರುತು. ನಾಲ್ಕು ವರ್ಷದಲ್ಲಿ ಇದನ್ನು ನೋಡೇ ಇರಲಿಲ್ಲವಲ್ಲ.

"ಕಾಗದ ನೋಡಿ ಕಂಡಕ್ಟರೇ."

"ಅದನ್ನೇ ನೋಡ್ತಾ ಇದೀನಿ."

"ಕಾಗದ ಇನ್ನೊಂದು ಗೇಣು ಕೆಳಗಿದೆ."

"ಹಾಗಾದರೆ ಮೇಲೆ ಹಿಡೀರಿ. ಅದು ನನ್ನ ತಪ್ಪಾ?"

ಅವನು ಮುಖದ ಎದುರಿಗೇ ಹಿಡಿದ. ಕಾಗದದ ಹಿಂದಿನಿಂದ ನಗುವ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು ಕಾಗದ ಕೆಳಗಿಳಿಯಲಿಲ್ಲ. ತಾಯಿಯ ಕೈಬರಹಕ್ಕೆ ಹಣೆ ಒತ್ತಿಕೊಂಡು ಅವನು ಅಳುತ್ತಿದ್ದ. ಅವಳು ತಲೆ ಆಡಿಸುವುದನ್ನು ನಿಲ್ಲಿಸಲಿಲ್ಲ. ಟೀಚರಮ್ಮ ಇದ್ದಿದ್ದರೆ ಎಣಿಕೆ ತಪ್ಪಿಸಲು ಬಿಡುತ್ತಿರಲಿಲ್ಲ.

ಆ ಎಂಟು ದಿನ ಮೀಸೆಯಣ್ಣನೂ ಮೆಲ್ಲಗೇ ಓಡಿಸಿದ್ದ; ಮರುದಿನ ಡ್ರೈವರ್ ಡ್ಯೂಟಿಗೆ ಮರಳಿದ ಮೇಲೆ ಬಸ್ಸು ಬಸ್ಸಿನಂತೆ ಓಡಿತು. ಮೊದಲ ದಿನ ಅವಳು ಐದು ಸಲ ಕಂಬಿ ಹಿಡಿದಳು, ಎರಡು ಸಲ ವಾಂತಿ ಬರುವಂತಾಯಿತು. ಕನ್ನಡಿಯಲ್ಲಿ ಅವನ ಕಣ್ಣು ಕೇಳಿತು, ನಿಧಾನ ಮಾಡಲಾ? ಅವಳು ಕಣ್ಣಲ್ಲೇ ಗದರಿದಳು, ಮಾಡಿ ನೋಡಿ. ಮೂರನೆಯ ದಿನಕ್ಕೆ ಪಾದಗಳು ತಿರುವನ್ನು ಮೊದಲೇ ಊಹಿಸತೊಡಗಿದವು. ಬೆಳಿಗ್ಗೆ ಡಿಪೋದ ಅಂಗಳದಲ್ಲಿ ನಡಿಗೆ, ಮಧ್ಯಾಹ್ನ ಕಾಳು ಮೊಟ್ಟೆಯ ಡಬ್ಬಿ, ಸಂಜೆ ಜಗಲಿಯಲ್ಲಿ 'ಅ'. ಡಬ್ಬಿ ಅವನೇ ತರುತ್ತಿದ್ದ. ಮೊದಲ ದಿನದ ಕಾಳು ಗೋಲಿಯಂತಿತ್ತು.

"ಇದು ಹಲ್ಲಿನ ವ್ಯಾಯಾಮವಾ?" ಎಂದು ಕೇಳಿದಳು.

"ಅಮ್ಮ ಎಷ್ಟು ಹೊತ್ತು ನೆನೆಸ್ತಿದ್ರು ಅಂತ ಕೇಳಿಟ್ಟುಕೊಂಡಿರಲಿಲ್ಲ," ಎಂದ ಅವನು. ಅವಳು ಒಂದು ಕಾಳೂ ಬಿಡದೆ ತಿಂದಳು.

ಪರೀಕ್ಷೆಯ ಬೆಳಿಗ್ಗೆ ಮ್ಯಾನೇಜರ್ ಬಸ್ಸು ಹತ್ತಿದವರೇ ಡ್ರೈವರ್ ಕಿವಿಯ ಬಳಿ ಬಗ್ಗಿದರು. ಒಳ್ಳೆಯ ಮನುಷ್ಯ. ಪಿಸುಮಾತು ಎಂದುಕೊಂಡು ಆಡಿದ್ದು ಮೂರನೆಯ ಸೀಟಿನವರೆಗೆ ಕೇಳಿಸಿತು. "ಸ್ವಲ್ಪ ಮೆಲ್ಲಗೆ ಹೋಗಪ್ಪ. ಪಾಪ, ಆ ಹುಡುಗಿಗೆ ಕೆಲಸ ಉಳೀಲಿ."

"ಆಗಲ್ಲ ಸಾರ್," ಎಂದ ಡ್ರೈವರ್. "ಇದು ಹಾಲಿನ ಗಾಡಿಯಲ್ಲ."

ಅವಳು ಎರಡು ಸಲ ಸೀಟಿ ಊದಿದಳು.

ಬಸ್ಸು ತುಂಬಿತ್ತು. ಒಂದು ಕೈಯಲ್ಲಿ ಟಿಕೆಟ್ ಯಂತ್ರ, ಇನ್ನೊಂದು ಕೈ ಜನರ ಕಡೆಗೆ. ಕಂಬಿಗೆ ಕೈಯೇ ಉಳಿದಿರಲಿಲ್ಲ. ಔಷಧಿ ಅಂಗಡಿ ಹತ್ತಿರವಾಯಿತು. ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಇಂಜಿನ್ನೇ ಒಳಗೆ ಸೇರಿದಂತಿತ್ತು. ತಲೆ ಎತ್ತಿ ಕನ್ನಡಿ ನೋಡಿದಳು. ಅವನ ಕಣ್ಣು ಒಂದೇ ಒಂದು ಕ್ಷಣ ಅಲ್ಲಿತ್ತು, ಆಮೇಲೆ ರಸ್ತೆಗೆ ಹೋಯಿತು. ಅವಳು ನಿಲ್ಲುತ್ತಾಳೆ ಎಂಬ ನಂಬಿಕೆ ಇರುವವನು ಮಾತ್ರ ಹಾಗೆ ಕಣ್ಣು ತೆಗೆಯಬಲ್ಲ.

ಅವನು ಸ್ಟಿಯರಿಂಗ್ ಎಳೆದ.

ಕಿಟಕಿಗಳು ಜಾರಿದವು. ಅವಳ ಮೊಣಕಾಲು ಬಾಗಿತು, ಹಿಮ್ಮಡಿ ನೆಲ ಕಚ್ಚಿತು, ಕಣ್ಣು ಬಾಗಿಲ ಮೇಲೆ ಬರೆದಿದ್ದ ಒಟ್ಟು ಸೀಟುಗಳ ಸಂಖ್ಯೆಗೆ ನೆಟ್ಟಿತು. ಸಂಖ್ಯೆ ಅಲ್ಲಾಡಲಿಲ್ಲ. ಅವಳೂ ಅಲ್ಲಾಡಲಿಲ್ಲ.

"ಚಿಲ್ಲರೆ ಇದೆಯಾ ಅಜ್ಜ?" ಎಂದು ತನ್ನದೇ ದನಿ ಕೇಳಿಸಿತು.

ತಿರುಗಿ ನೋಡಿದರೆ ಮ್ಯಾನೇಜರ್ ಎರಡೂ ಕೈಯಿಂದ ಕಂಬಿ ಅಪ್ಪಿಕೊಂಡು ನಿಂತಿದ್ದರು, ಕನ್ನಡಕ ಒಂದೇ ಕಿವಿಯಲ್ಲಿ ನೇತಾಡುತ್ತಿತ್ತು. "ಸಾಕಮ್ಮ, ಸಾಕು," ಎಂದರು. "ನೀನು ಪಾಸ್. ಮುಂದಿನ ಸ್ಟಾಪಿನಲ್ಲಿ ನನ್ನನ್ನ ಇಳಿಸಿಬಿಡು."

ಕೊನೆಯ ನಿಲ್ದಾಣದಲ್ಲಿ ಜನ ಇಳಿದರು. ಇಂಜಿನ್ ನಿಂತಿತು. ಅವನು ಬಂದು ಸೀಟುಗಳ ನಡುವಿನ ದಾರಿಯಲ್ಲಿ, ಅವಳಿಂದ ಎರಡು ಹೆಜ್ಜೆ ದೂರ ನಿಂತ.

"ಅಮ್ಮ ಆ ರಾತ್ರಿ ಇನ್ನೊಂದು ಮಾತು ಹೇಳಿದ್ರು," ಎಂದ. "ನಾನು ಒಂದು ವಿಷಯ ನಿಮ್ಮನ್ನ ಕೇಳಬೇಕು ಅಂತಿದ್ದೆ. ಆರು ತಿಂಗಳಿಂದ ತಡೆದಿದ್ದೇ ಅವರು. ಬೀಳೋಳ ಮುಂದೆ ಕೈ ಚಾಚಿದರೆ ಅವಳು ಹಿಡಿದೇ ಹಿಡೀತಾಳೆ ಕಣೋ, ಅದಕ್ಕೆ ಬೆಲೆ ಇಲ್ಲ. ಅವಳು ಯಾವ ಕಂಬಿಯನ್ನೂ ಹಿಡಿಯದೆ ನಿಂತ ದಿನ ಚಾಚು. ಬೇಡ ಅನ್ನೋಕೂ ಅವಳಿಗೆ ಕಾಲಿರಬೇಕು. ಹಾಗಂದ್ರು."

ಅವನು ಕೈ ಚಾಚಿದ.

ಈಗ ಅವಳಿಗೆ ತಿಳಿಯಿತು, ನಿಂತು ಕೇಳಬೇಕಾದ ಮಾತು ಯಾವುದೆಂದು.

ಅವಳು ಅವನ ಕಣ್ಣಿಗೆ ಕಣ್ಣು ನೆಟ್ಟು ತಲೆ ಆಡಿಸಿದಳು. ಎಡಕ್ಕೆ, ಬಲಕ್ಕೆ. ಬೇಡ, ಬೇಡ, ಬೇಡ. ಅವನ ಮುಖದ ರಕ್ತ ಇಳಿಯಿತು, ಚಾಚಿದ ಕೈ ಬಾಡಿತು.

"ಗಾಬರಿ ಬೇಡ," ಎಂದಳು. "ಮೊದಲು ಇದು ಇಪ್ಪತ್ತು ಸಲ. ಟೀಚರಮ್ಮನ ಕ್ರಮ ತಪ್ಪಿಸಬಾರದು."

ಇಪ್ಪತ್ತಾಯಿತು. ಆಮೇಲೆ ಮೇಲೆ, ಕೆಳಗೆ. ಹೂಂ, ಹೂಂ, ಹೂಂ. ಐದನೆಯದಕ್ಕೇ ಅವನು ನಗತೊಡಗಿದ. ಒಂಬತ್ತನೆಯದಕ್ಕೆ ಇಬ್ಬರ ಕಣ್ಣೂ ತುಂಬಿತ್ತು. ಅವನ ಮುಖ ಒಂದಿಷ್ಟೂ ಅಲ್ಲಾಡಲಿಲ್ಲ. ಇಪ್ಪತ್ತನ್ನೂ ಮುಗಿಸಿ, ನೆಟ್ಟಗೆ ನಿಂತು, ಅವಳು ಆ ಕೈ ಹಿಡಿದಳು.

ಬಾಗಿಲ ಪಕ್ಕದ ಮೊದಲ ಸೀಟಿನ ಮುಂದೆ ಇಬ್ಬರೂ ಬಂದು ನಿಂತರು. ಆ ಭಾನುವಾರ ಟೀಚರಮ್ಮ ಕುಳಿತಿದ್ದ ಜಾಗ. ಕಿಟಕಿಯಿಂದ ಬಿಸಿಲು ಬಂದು ಸೀಟಿನ ಮೇಲೆ ಬಿದ್ದಿತ್ತು. ಅವನು ಕೈ ಮುಗಿದ. ಅವಳೇ ಕಣ್ಣು ಮುಚ್ಚಿ, ಎಲ್ಲಿಗೂ ವಾಲದೆ, ಇಬ್ಬರ ಪರವಾಗಿ ಬೇಡಿಕೊಂಡಳು.

"ದೇವರೇ, ಬೀಳುವವರನ್ನೆಲ್ಲ ನಿಲ್ಲಿಸಿದ ತಾಯಿ ಅವರು. ತಾವು ಕೂತಿದ್ದು ಕಡಿಮೆ. ಇನ್ನಾದರೂ ನಿನ್ನ ಹತ್ತಿರ, ಕಿಟಕಿ ಪಕ್ಕ ಒಳ್ಳೆ ಜಾಗ ಕೊಟ್ಟು ಕೂರಿಸು. ದಾರಿಯಲ್ಲಿ ಎಲ್ಲೂ ಕುಲುಕದ ಹಾಗೆ ಕರ್ಕೊಂಡು ಹೋಗು. ಅವರ ಆತ್ಮಕ್ಕೆ ಶಾಂತಿ ಕೊಡಪ್ಪ."