ಕವೆಗೆ ವಯಸ್ಸಾಗುವುದಿಲ್ಲ

"ನಾಲಿಗೆ ಚಾಚಿ... ಇನ್ನೂ ಸ್ವಲ್ಪ... ಹಾಂ, ಹಾಗೇ ಇರಿ. ಉಸಿರಾಡ್ತಾ ಇರಿ."

ಗಾಜ್ ಬಟ್ಟೆಯ ತುಂಡಿನಲ್ಲಿ ಅವನ ನಾಲಿಗೆಯ ತುದಿ ಹಿಡಿದು, ಅವಳು ಇನ್ನೊಂದು ಕೈಯಿಂದ ಕ್ಯಾಮೆರಾದ ಕಡ್ಡಿಯನ್ನು ಬಾಯೊಳಕ್ಕೆ ಇಳಿಸಿದಳು.

ಆ ಕೈ ನಡುಗಬಾರದು. ನಡುಗಿದರೆ ರೋಗಿಗೆ ವಾಕರಿಕೆ ಬರುತ್ತದೆ. ಧ್ವನಿ ಚಿಕಿತ್ಸಕಿಯಾಗಿ ಇಷ್ಟು ವರ್ಷ ದುಡಿದವಳಿಗೆ ಅದು ಒಮ್ಮೆಯೂ ನಡುಗಿರಲಿಲ್ಲ.

ಇಂದು ನಡುಗಿತು!

ಒಂದು ಕಾಲದಲ್ಲಿ ಈ ಮನುಷ್ಯ ಬಾಯಿ ತೆರೆದರೆ ತುಂಬಿದ ಸಭಾಂಗಣ ಎದ್ದು ನಿಲ್ಲುತ್ತಿತ್ತು. 'ಸಿಡಿಲು' ಎಂದೇ ಎಲ್ಲರೂ ಕರೆಯುತ್ತಿದ್ದ ರಾಕ್ ಗಾಯಕ. ಈಗ ಅವಳೆದುರು ಬಾಯಿ ತೆರೆದು ಕೂತಿದ್ದಾನೆ, ಮಾತಾಡುವಂತಿಲ್ಲ. ನಾಲಿಗೆ ಅವಳ ಕೈಯಲ್ಲಿದೆ.

ಅವಳ ಮೂಗು ಬಾಯಿಗೆ ಮಾಸ್ಕ್ ಇತ್ತು. ಅವನಿಗೆ ಗುರುತು ಸಿಕ್ಕಿರಲಿಲ್ಲ.

"'ಈ...' ಅನ್ನಿ."

"ಈ..."

ಕತ್ತಿಯ ಅಲಗಿನಂತಿದ್ದ ಆ ಗಂಟಲು ಎಲ್ಲಿ? ಇದು ಬಾವಿಯ ತಳದಿಂದ ಬಂದ ಹಾಗಿದೆ... ಒರಟು, ಆಳ, ದಣಿವು.

ಪರದೆಯ ಮೇಲೆ ಅವನ ಧ್ವನಿತಂತುಗಳು ಮೂಡಿದವು. ಬೆಳ್ಳಗೆ, ತೆಳ್ಳಗೆ ಇರಬೇಕಾದ ಎರಡು ಅಂಚುಗಳು ಕೆಂಪಾಗಿ, ನೀರು ತುಂಬಿಕೊಂಡು ಊದಿದ್ದವು. ಸಿಗರೇಟಿನ ಕೆಲಸ. ಭಾರವಾದ ತಂತು ನಿಧಾನವಾಗಿ ಕಂಪಿಸುತ್ತದೆ. ನಿಧಾನವಾದಷ್ಟೂ ಸ್ವರ ಕೆಳಗಿಳಿಯುತ್ತದೆ. ಅವಳಿಗೆ ಇದು ಬಾಯಿಪಾಠ. ಆದರೆ ಬಾಯಿಪಾಠ ಮಾಡಿದ್ದೆಲ್ಲ ಒಮ್ಮೊಮ್ಮೆ ಎದೆಗೇ ಬಂದು ತಾಗುತ್ತದಲ್ಲ!

ಕಡ್ಡಿ ಹೊರತೆಗೆದು ಅವಳು ಮಾಸ್ಕ್ ಕೆಳಗಿಳಿಸಿದಳು.

ಅವನು ಕೆಮ್ಮಿದ, ಕಣ್ಣೊರೆಸಿಕೊಂಡ, ನೋಡಿದ. ಮತ್ತೆ ನೋಡಿದ.

"ಪರೀಕ್ಷೆ...?"

ಆ ಅಡ್ಡಹೆಸರಿಟ್ಟವನು ಇವನೇ. ಅವಳ ಅಣ್ಣ ಆ ಬ್ಯಾಂಡಿನ ಡ್ರಮ್ಮರ್. ಮನೆಯ ಗ್ಯಾರೇಜಿನಲ್ಲಿ ಅವರ ಅಭ್ಯಾಸ, ಒಂದೇ ಗೋಡೆಯ ಈಚೆ ಇವಳ ಓದು. ಸದ್ದು ತಡೆಯಲಾರದೆ ಅವಳು ಗೋಡೆ ಗುದ್ದಿ ಕೂಗುತ್ತಿದ್ದಳು, "ನಾಳೆ ಪರೀಕ್ಷೆ ಇದೆ!" ಯಾವಾಗ ಗುದ್ದಿದರೂ ಅದೇ ನೆಪ.

"ಹೂಂ, ಪರೀಕ್ಷೆನೇ," ಎಂದಳು. "ಈಗ ನಿಮ್ಮದು ನಡೀತಾ ಇದೆ."

ಅವನು ನಕ್ಕ. ನಗು ಕೆಮ್ಮಾಯಿತು.

"ಪಾಸಾ, ಫೇಲಾ?"

"ಭಯಪಡೋ ಕಾಯಿಲೆ ಇಲ್ಲ ಅಂತ ಡಾಕ್ಟರ್ ಬರೆದಿದ್ದಾರೆ. ಆದರೆ ಸಿಗರೇಟ್ ಬಿಡದಿದ್ರೆ ನಾನೇನೂ ಮಾಡೋಕಾಗಲ್ಲ."

"ಬಿಟ್ರೆ ನನ್ನ ಹಳೇ ಧ್ವನಿ ವಾಪಸ್ ಬರುತ್ತಾ? ಮುಂದಿನ ತಿಂಗಳು ಹಳೇ ಬ್ಯಾಂಡ್ ಒಟ್ಟಿಗೆ ಹಾಡ್ತಿದೀವಿ. 'ಕಿಟಕಿ ತೆರೆ' ಹಾಡ್ಬೇಕು. ಕ್ಯಾಸೆಟ್ಟಲ್ಲಿ ಇರೋ ಹಾಗೇ."

ಅವಳು ಸುಳ್ಳು ಹೇಳುವ ಹೆಂಗಸಲ್ಲ.

"ಊತ ಇಳಿದರೆ ಸ್ವಲ್ಪ ಬರುತ್ತೆ. ಎಲ್ಲಾ ಬರಲ್ಲ. ವಯಸ್ಸಾದ್ರೆ ತಂತು ಸಣ್ಣಗಾಗಿ ಸ್ವರ ಮೇಲೇಳುತ್ತೆ, ಗಾಳಿ ಸೋರುತ್ತೆ. ಹೊಗೆ ಅದನ್ನ ದಪ್ಪ ಮಾಡಿ ಕೆಳಗೆಳೆಯುತ್ತೆ. ನಿಮ್ಮ ಗಂಟಲನ್ನ ಇಬ್ಬರೂ ಒಂದೊಂದು ಕಡೆ ಜಗ್ತಾ ಇದ್ದಾರೆ."

"ಹಗ್ಗಜಗ್ಗಾಟ!"

"ಹಗ್ಗ ನೀವೇ."

ಅವನು ತಲೆ ತಗ್ಗಿಸಿದ. ಕಿವಿಯ ಪಕ್ಕ ನರೆತ ಕೂದಲು. ಅವಳಿಗೆ ಅದನ್ನು ಮುಟ್ಟಬೇಕೆನಿಸಿತು... ಮುಟ್ಟಲಿಲ್ಲ. ಪೆನ್ನಿನ ಮುಚ್ಚಳ ಹಾಕಿದಳು.

*

ಚಿಕಿತ್ಸೆ ಶುರುವಾಯಿತು. ನೀರಿನ ಲೋಟದಲ್ಲಿ ಸ್ಟ್ರಾ ಇಟ್ಟು, ಗುಳ್ಳೆ ಏಳಿಸುತ್ತಾ ಗುನುಗಬೇಕು. ಬಿಗಿದ ಗಂಟಲು ಸಡಿಲವಾಗಲು ಅದು ಒಳ್ಳೆಯ ದಾರಿ.

"ಗಿಟಾರ್ ಹಿಡಿದು ವೇದಿಕೆ ನಡುಗಿಸಿದವನು ಲೋಟದಲ್ಲಿ ಬುಡಬುಡ ಅನ್ನಿಸ್ತಾ ಇದೀನಿ," ಅವನು ಗೊಣಗಿದ. "ನಿಮ್ಮಣ್ಣ ನೋಡಿದ್ರೆ ಸಾಯೋವರೆಗೂ ಆಡಿಕೊಳ್ತಾನೆ."

"ಅಣ್ಣನಿಗೆ ಮೊಣಕಾಲು ನೋವು. ಕುರ್ಚಿ ಮೇಲೆ ದಿಂಬು ಹಾಕ್ಕೊಂಡು ಡ್ರಮ್ ಬಾರಿಸ್ತಾನೆ. ನೀವೂ ಆಡಿಕೊಳ್ಳಿ, ಲೆಕ್ಕ ಚುಕ್ತಾ!"

ನಗುತ್ತಲೇ ವಾರಗಳು ಉರುಳಿದವು. ಊತ ಸ್ವಲ್ಪ ಇಳಿಯಿತು. ಅವನು ಸಿಗರೇಟು ಕಡಿಮೆ ಮಾಡಿದ್ದ, ಪೂರ್ತಿ ಬಿಟ್ಟಿರಲಿಲ್ಲ. ಬಂದ ಕೂಡಲೇ ಶರ್ಟಿನ ವಾಸನೆಯೇ ವರದಿ ಒಪ್ಪಿಸುತ್ತಿತ್ತು.

ಅವಳೂ ಬದಲಾಗಿದ್ದಳು. ಅವನು ಬರುವ ದಿನ ಎರಡೆರಡು ಸಲ ಕನ್ನಡಿ ನೋಡುತ್ತಿದ್ದಳು. ಕಾರಿಡಾರಿನಲ್ಲಿ ಯಾರೇ ಕೆಮ್ಮಲಿ, ಕತ್ತು ಅತ್ತ ತಿರುಗುತ್ತಿತ್ತು.

ಒಂದು ಸಂಜೆ ಕೋಣೆ ಖಾಲಿಯಾದ ಮೇಲೆ ಅವಳು ಅವನ ಧ್ವನಿಮುದ್ರಿಕೆ ಹಾಕಿದಳು. ಪರೀಕ್ಷೆಗೆಂದು ಹಿಡಿದ ಒಂದೇ ಒಂದು ಉದ್ದನೆಯ 'ಆ...'. ಅಳೆದು ಮುಗಿದಿತ್ತು. ಆದರೂ ಮತ್ತೆ ಹಾಕಿದಳು. ಮತ್ತೆ... ಮತ್ತೆ...

ಅದರಲ್ಲಿ ಹೊಳಪಿರಲಿಲ್ಲ. ಆದರೆ ಬಿರುಕುಗಳಿದ್ದವು. ಬಿರುಕುಗಳೊಳಗೆ ಒಬ್ಬ ಮನುಷ್ಯನಿದ್ದ. ಹದಿಹರೆಯದಲ್ಲಿ ಗೋಡೆಗೆ ಕಿವಿ ಆನಿಸಿ ಕೇಳಿದ ಆ ಚೂಪಾದ ಧ್ವನಿಗಿಂತ ಇದು ಅವಳಿಗೆ ಹೆಚ್ಚು ಬೇಕಾಗಿತ್ತು.

'ಏನು ಮಾಡ್ತಾ ಇದೀನಿ ನಾನು?' ಅವಳು ಬೆಚ್ಚಿದಳು. 'ಅವನು ನನ್ನ ರೋಗಿ! ನಾಳೆ ನಾನು ಕೊಡೋ ಸಲಹೆ ಅವನ ಗಂಟಲಿನದಾ, ನನ್ನ ಮನಸ್ಸಿನದಾ?'

ಮಧ್ಯೆ ಅವಳಿಗೊಂದು ಮದುವೆಯಾಗಿತ್ತು. ಅದು ಜಗಳವಿಲ್ಲದೆ, ಸದ್ದಿಲ್ಲದೆ ಮುಗಿದೂ ಹೋಗಿತ್ತು. ಸದ್ದು ಮಾಡುವವನನ್ನು ಮಾತ್ರ ಅವಳು ಮರೆತಿರಲಿಲ್ಲ.

ಮರುದಿನ ಅವನು ಬಂದಾಗ ಅವಳು ಪರದೆ ನೋಡುತ್ತಲೇ ಮಾತಾಡಿದಳು.

"ಮುಂದಿನ ವಾರದಿಂದ ಪಕ್ಕದ ಕೋಣೆಯಲ್ಲಿರೋ ಹಿರಿಯ ಚಿಕಿತ್ಸಕರು ನಿಮ್ಮನ್ನ ನೋಡ್ತಾರೆ. ಇನ್ಮೇಲೆ ನನ್ನ ಹತ್ತಿರ ಬರಬೇಡಿ."

"ಯಾಕೆ?"

"ಅದು... ಅದೇ ಸರಿ."

ಅವನು ಸ್ಟ್ರಾವನ್ನು ಲೋಟದಿಂದ ತೆಗೆದು, ನೀರು ಒದರಿ, ಮೇಜಿನ ಮೇಲಿಟ್ಟ.

"ಗೊತ್ತಾಯ್ತು ಬಿಡಿ. ಹಳೇ ಧ್ವನಿ ಕೇಳಿದ ಕಿವಿಗೆ ಇದನ್ನ ಸಹಿಸೋದು ಕಷ್ಟ. ಕೆಟ್ಟ ಗಂಟಲು ಯಾರಿಗೆ ಬೇಕು?"

'ನನಗೆ! ನನಗೆ ಬೇಕು!' ಮನಸ್ಸು ಚೀರಿತು. ಕೈ ಮಾತ್ರ ಅವನ ಕಡತವನ್ನು ಮುಚ್ಚಿತು.

ಬಾಗಿಲು ಮುಚ್ಚಿಕೊಂಡಿತು.

*

ಭಾನುವಾರ ಬೆಳಿಗ್ಗೆ ಅಣ್ಣ ಮನೆಗೇ ಬಂದ. ಕುಂಟುತ್ತಾ ಬಂದು, ಸೋಫಾದಲ್ಲಿ ಕುಸಿದು, ಒಂದೇ ಉಸಿರಿಗೆ ಶುರು ಮಾಡಿದ.

"ಏನೇ ಅಂದೆ ಅವನಿಗೆ? ಹಾಡಲ್ಲ ಅಂತ ಕೂತಿದಾನೆ! ಹಾಲ್ ಗೊತ್ತು ಮಾಡಿ ಆಗಿದೆ, ಜನಕ್ಕೆ ಹೇಳಿ ಆಗಿದೆ. ಇವತ್ತು ಸಂಜೆ ಗ್ಯಾರೇಜಿಂದ ತನ್ನ ಮೈಕು, ಗಿಟಾರು ಎಲ್ಲಾ ತಗೊಂಡು ಹೋಗ್ತಾನಂತೆ!"

"ನಾನು ಬೇರೆಯವರಿಗೆ ಒಪ್ಪಿಸಿದೆ, ಅಷ್ಟೇ ಅಣ್ಣಾ..."

"ಅವನಿಗೆ ಹಾಗೆ ಕೇಳಿಸಿಲ್ಲ." ಅಣ್ಣ ಜೇಬಿನಿಂದ ಹಳೆಯ ಕ್ಯಾಸೆಟ್ ತೆಗೆದಿಟ್ಟ. "ಇದನ್ನ ನಿನ್ನ ಕಂಪ್ಯೂಟರಿಗೆ ಹಾಕಿಕೊಡು. ಇನ್ನು ನಮಗುಳಿದಿರೋದು ಇದೊಂದೇ. ನಿನ್ನ ಅತ್ತಿಗೆ ಬೇರೆ ಕೇಳ್ತಾಳೆ, ಅಷ್ಟು ಚೆನ್ನಾಗಿ ಹಾಡ್ತಿದ್ದವನ ಹಾಡನ್ನ ನೀನು ಡ್ರಮ್ ಬಾರಿಸಿ ಯಾಕೆ ಕೆಡಿಸಿದೆ ಅಂತ!"

ಅಣ್ಣ ಹೋದ ಮೇಲೆ ಅವಳು ಕ್ಯಾಸೆಟ್ ಹಾಕಿದಳು.

ಮೊದಲು ಹುಡುಗರ ಗಲಾಟೆ. ಅಣ್ಣನ ನಗು... ಅದೇಕೆ ಚಿಕ್ಕ ಮಗುವಿನದರಂತಿದೆ? ಆಮೇಲೆ 'ಟಿಂಗ್' ಎಂದು ಒಂದು ತೆಳುವಾದ, ಶುದ್ಧ ನಾದ. ಅದರ ಹಿಂದೆಯೇ ಅವನ ಮಾತು, "ಪರೀಕ್ಷೆ ಕೊಟ್ಟ ಕವೆ. ಇದಕ್ಕೆ ತಂತಿ ಹೊಂದಿಸ್ಕೊಳ್ರೋ."

ಅವಳ ಶ್ರುತಿಕವೆ! ಎರಡು ಕವಲಿನ ಉಕ್ಕಿನ ಕಡ್ಡಿ. ತಟ್ಟಿದರೆ ಒಂದೇ ಸ್ವರ. ಭೌತಶಾಸ್ತ್ರ ಓದುವಾಗ ಕೊಂಡಿದ್ದು. ಅಣ್ಣನ ಕೈಯಲ್ಲಿ ಎರವಲು ಹೋಗಿತ್ತು, ಮರಳಿ ಬಂದಿರಲಿಲ್ಲ. 'ಎಲ್ಲೋ ಕಳೆದುಹೋಯ್ತು' ಎಂದಿದ್ದ ಅಣ್ಣ.

ಮೇಲಿನ ಸ್ವರಕ್ಕೆ ಅವನು ಏರುವ ಜಾಗ ಬಂತು. 'ಕಿಟಕಿ ತೆರೆ... ತೆರೆ...' ಅವಳ ಕಣ್ಣು ತುಂಬಿತು.

ಆದರೆ ಕಣ್ಣು ತುಂಬಿದರೂ ಕಿವಿ ಕೆಲಸ ನಿಲ್ಲಿಸಲಿಲ್ಲ. ಏನೋ ಹೊಂದುತ್ತಿಲ್ಲ... ಟೇಪನ್ನು ಹಿಂದಕ್ಕೆ ತಿರುಗಿಸಿ ಆ 'ಟಿಂಗ್' ಅನ್ನು ಕಂಪ್ಯೂಟರಿನಲ್ಲಿ ಅಳೆದಳು.

ಕವೆಯ ಹಿಡಿಯ ಮೇಲೆ ಕೊರೆದಿದ್ದ ಸಂಖ್ಯೆ ಅವಳಿಗಿನ್ನೂ ನೆನಪಿತ್ತು: ೪೪೦, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಪರದೆಯ ಮೇಲೆ ಬಂದದ್ದು ಅದಕ್ಕಿಂತ ಒಂದು ಪೂರ್ತಿ ಸ್ವರ ಮೇಲೆ!

ಮತ್ತೆ ಅಳೆದಳು. ಅದೇ.

ಮನುಷ್ಯನ ಗಂಟಲು ಬದಲಾಗುತ್ತದೆ, ಗಿಟಾರಿನ ತಂತಿ ಸಡಿಲವಾಗುತ್ತದೆ. ಕವೆ ಮಾತ್ರ ಬದಲಾಗುವುದಿಲ್ಲ. ಹಾಗಾದರೆ ತಪ್ಪಿದ್ದು...

ಅವಳು ಕ್ಯಾಸೆಟ್ ಪ್ಲೇಯರನ್ನೇ ಎತ್ತಿಕೊಂಡು ಎದ್ದಳು. ಕಾರಿನ ಕೀ ಹುಡುಕುವಷ್ಟೂ ತಾಳ್ಮೆ ಇರಲಿಲ್ಲ!

*

ಹಳೆಯ ಗ್ಯಾರೇಜು ಈಗ ಅರ್ಧ ಅಣ್ಣನ ಟೈರುಗಳ ಉಗ್ರಾಣ. ಇನ್ನರ್ಧದಲ್ಲಿ ಡ್ರಮ್ಮು, ಸ್ಪೀಕರು, ಗಂಟುಗಂಟಾದ ವೈರುಗಳು. ಅವನು ಮಂಡಿಯೂರಿ ಕೂತು ವೈರು ಸುತ್ತುತ್ತಿದ್ದ. ಅಣ್ಣ ಮುಖ ಊದಿಸಿಕೊಂಡು ದಿಂಬಿನ ಮೇಲೆ ಕೂತಿದ್ದ.

"ಈ ಕ್ಯಾಸೆಟ್ ಸುಳ್ಳು ಹೇಳ್ತಿದೆ!" ಒಳಗೆ ಬಂದವಳೇ ಅಂದಳು.

ಇಬ್ಬರೂ ತಿರುಗಿದರು.

"ಅಣ್ಣಾ, ರೆಕಾರ್ಡ್ ಮಾಡುವಾಗ ಟೇಪ್‌ರೆಕಾರ್ಡರಿಗೆ ಯಾವ ಬ್ಯಾಟರಿ ಹಾಕಿದ್ದೆ?"

"ಅಷ್ಟು ಹಳೇ ಮಾತು ಯಾರಿಗೆ..." ಅಣ್ಣ ತಲೆ ಕೆರೆದುಕೊಂಡ. "ಆವತ್ತು ಕರೆಂಟ್ ಇರ್ಲಿಲ್ಲ. ಟಾರ್ಚಿಂದ ಕಿತ್ತು ಹಾಕಿರ್ಬೇಕು. ಟಾರ್ಚು ಮಿಣಿಮಿಣಿ ಅಂತಿತ್ತು, ಅದಿನ್ನು ವೇಸ್ಟು ಅಂತ..."

"ಅದೇ! ಬ್ಯಾಟರಿ ಸಾಯ್ತಾ ಇತ್ತು. ಟೇಪು ನಿಧಾನವಾಗಿ ಓಡ್ತಾ ರೆಕಾರ್ಡ್ ಆಗಿದೆ. ಒಳ್ಳೇ ಪ್ಲೇಯರಲ್ಲಿ ಹಾಕಿದ್ರೆ ಬೇಗ ಓಡುತ್ತೆ, ಎಲ್ಲಾ ಸ್ವರಾನೂ ಮೇಲೇರುತ್ತೆ. ನಿನ್ನ ನಗು ಕೂಡ! ಗೊತ್ತಾಯ್ತಾ? ಇವರು ಇಷ್ಟು ದಿನ ಅಟ್ಟಿಸ್ಕೊಂಡು ಹೋಗ್ತಿರೋ ಆ ಮೇಲಿನ ಸ್ವರ... ಇವರು ಯಾವತ್ತೂ ಹಾಡೇ ಇಲ್ಲ!"

ಅವನು ವೈರು ಸುತ್ತುವುದನ್ನು ನಿಲ್ಲಿಸಿದ.

"ಕ್ಯಾಸೆಟ್ ಜೊತೆ ನುಡಿಸಿದ್ರೆ ಗಿಟಾರ್ ಹೊಂದ್ತಿರ್ಲಿಲ್ಲ," ಅವನು ನಿಧಾನವಾಗಿ ಅಂದ. "ಆಗ ತಂತಿಗಳನ್ನೆಲ್ಲಾ ಮೇಲಿನ ಸ್ವರಕ್ಕೆ ಕಟ್ಟಿದ್ವಿ ಅಂದ್ಕೊಂಡಿದ್ದೆ... ಸುಮ್ನೆ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

"ಆ ಕವೆ ಕಳೆದುಹೋಗದೇ ಇದ್ದಿದ್ರೆ ಈಗಲೇ ತೋರಿಸ್ತಿದ್ದೆ."

ಅವನು ಎದ್ದ. ಗಿಟಾರಿನ ಪೆಟ್ಟಿಗೆ ತೆರೆದ. ಒಳಗಿನ ಮಖಮಲ್ಲಿನ ಚಿಕ್ಕ ಜೇಬಿನಿಂದ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತೆಗೆದ.

ಉಕ್ಕಿನ ಶ್ರುತಿಕವೆ. ಒಂದು ಚೂರೂ ತುಕ್ಕಿಲ್ಲ!

ಅವಳು ಹತ್ತಿರ ಬಂದು ಹಿಡಿಯ ಮೇಲಿನ ಸಂಖ್ಯೆ ಓದಿದಳು: ೪೪೦.

ಅವನು ಅದನ್ನು ಮಂಡಿಗೆ ತಟ್ಟಿ, ಗಿಟಾರಿನ ಮೈಗೆ ಆನಿಸಿದ. ಅವಳು ತಾನು ತಂದಿದ್ದ ಪ್ಲೇಯರಿನಲ್ಲಿ ಕ್ಯಾಸೆಟ್ ಹಾಕಿದಳು. ಒಂದೇ ಕವೆಯ ಎರಡು ನಾದ: ಕೈಯಲ್ಲಿರುವುದು ಕೆಳಗೆ, ಟೇಪಿನದು ಮೇಲೆ. ಯಾರ ಕಿವಿಗೂ ತಿಳಿಯುವಷ್ಟು ಅಂತರ.

"ಅಂದ್ರೆ..." ಅಣ್ಣ ಬಾಯಿ ಬಿಟ್ಟ, "ನನ್ನ ಟಾರ್ಚ್ ಬ್ಯಾಟರಿಗೋಸ್ಕರ ಇವನು ಇಷ್ಟು ವರ್ಷ ಅಳ್ತಿದ್ನಾ?"

"ಅರ್ಧ ಮಾತ್ರ ಬ್ಯಾಟರಿಗೆ," ಅವಳೆಂದಳು. "ಉಳಿದಿದ್ದು ಹೊಗೆಗೆ, ವಯಸ್ಸಿಗೆ. ಅದಕ್ಕೆ ಅಳಬಹುದು."

ಅಣ್ಣ ಇಬ್ಬರ ಮುಖವನ್ನೂ ನೋಡಿದ. ಕವೆಯನ್ನು ನೋಡಿದ. ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದ.

"ನಿನ್ನ ಅತ್ತಿಗೆ ಕರೀತಿರೋ ಹಾಗಿದೆ."

ಯಾರೂ ಕರೆದಿರಲಿಲ್ಲ. ಅವನು ಹೋದ.

"ಯಾಕೆ ವಾಪಸ್ ಕೊಡ್ಲಿಲ್ಲ?" ಅವಳು ಕೇಳಿದಳು.

"ಕೊಟ್ಟುಬಿಟ್ರೆ ನಿನ್ನ ಹತ್ತಿರ ಬರೋಕೆ ನೆಪಾನೇ ಇರ್ತಿರ್ಲಿಲ್ಲ. ನಾಳೆ ಕೊಡೋಣ, ನಾಡಿದ್ದು ಕೊಡೋಣ ಅಂತ ಇಟ್ಕೊಂಡೆ. ಅಷ್ಟರಲ್ಲಿ ನಿಮ್ಮಣ್ಣ ನಿನ್ನ ಮದುವೆ ಸುದ್ದಿ ಹೇಳ್ದ." ಅವನು ಆಚೆ ಗೋಡೆ ತೋರಿಸಿದ. "ಆ ಹಾಡು ಕೂಡ... ಆ ಕಡೆ ಯಾವಾಗ್ಲೂ ಮುಚ್ಚಿರ್ತಿತ್ತಲ್ಲ, ನಿನ್ನ ಕೋಣೆಯ ಆ ಕಿಟಕಿಗೆ ಬರೆದಿದ್ದು. ನೀನು ಗೋಡೆ ಗುದ್ದಲಿ ಅಂತಲೇ ಅಷ್ಟು ಜೋರಾಗಿ ಹಾಡ್ತಿದ್ದೆ."

"ನನಗೆ ಎಲ್ಲಾ ದಿನಾನೂ ಪರೀಕ್ಷೆ ಇರ್ತಿರ್ಲಿಲ್ಲ..." ಅವಳು ಗೋಡೆಯ ಮೇಲೆ ಅಂಗೈ ಇಟ್ಟಳು. "ನಾನಿಲ್ಲಿದೀನಿ ಅಂತ ನಿನಗೆ ಗೊತ್ತಾಗ್ಲಿ ಅಂತ ಗುದ್ತಿದ್ದೆ."

'ನೀವು' ಎಲ್ಲಿ ಜಾರಿಹೋಯಿತೋ ಅವಳಿಗೇ ತಿಳಿಯಲಿಲ್ಲ.

"ಮತ್ತೆ ಯಾಕೆ ಬರಬೇಡ ಅಂದೆ?"

"ಸಂಜೆಯೆಲ್ಲಾ ನಿನ್ನ ಒಂದು 'ಆ...' ಹಾಕ್ಕೊಂಡು ಕೂತಿದ್ದೆ. ರೋಗಿಯ ಧ್ವನೀನ ಹಾಗೆ ಕೇಳೋಳು ಚಿಕಿತ್ಸೆ ಮಾಡಬಾರದು. ನನಗೆ ಬೇಕಾಗಿರೋದು ಆ ಕ್ಯಾಸೆಟ್ಟಲ್ಲಿರೋನು ಅಲ್ಲ ಕಣೋ. ಈ ಗಂಟಲು... ಈಗಿರೋ ಹಾಗೇ. ಇನ್ನಷ್ಟು ಕೆಡದೇ ಇದ್ದರೆ ಸಾಕು."

ಅವನ ಕೈ ಶರ್ಟಿನ ಜೇಬಿಗೆ ಹೋಗಿ ಖಾಲಿಯೇ ಮರಳಿತು.

"ಸಿಗರೇಟ್ ಬಿಡ್ತೀನಿ ಅಂತ ಆಣೆ ಮಾಡಲ್ಲ," ಅವನು ಅಂದ. "ನನ್ನ ಆಣೆಗಳೆಲ್ಲ ಹೊಗೆ ಆಗಿಹೋಗಿವೆ. ಇವತ್ತು ಬೆಳಿಗ್ಗೆಯಿಂದ ಸೇದಿಲ್ಲ. ಇಷ್ಟು ಮಾತ್ರ ನಿಜ."

"ಇಷ್ಟು ಸಾಕು. ನಾಳೆ ಪಕ್ಕದ ಕೋಣೆಯವರ ಹತ್ತಿರ ತಪ್ಪದೆ ಹೋಗು. ಸಂಜೆ... ನನ್ನ ಹತ್ತಿರ ಬಾ."

ಅವನು ಕವೆಯನ್ನು ಅವಳ ಅಂಗೈಯಲ್ಲಿಟ್ಟ. ಅವಳು ಬೆರಳು ಮಡಚಿ ಅದನ್ನು ಹಿಡಿದುಕೊಂಡಳು.

ಸುತ್ತಿದ್ದ ವೈರನ್ನು ಅವನು ಬಿಚ್ಚಲಿಲ್ಲ. ಮೈಕೂ ಬೇಡವಾಯಿತು. ತಂತಿಗಳನ್ನು ಕೆಳಗಿಳಿಸಿಕೊಂಡು, ಇರುವ ಗಂಟಲಿನಲ್ಲೇ ಹಾಡಿದ. ಏರಬೇಕಾದ ಜಾಗದಲ್ಲಿ ಏರಲಿಲ್ಲ. ಮೆಲ್ಲಗೆ ಕೆಳಕ್ಕಿಳಿದ... ಯಾರೋ ಮಂಡಿಯೂರಿ ಕೇಳಿಕೊಂಡ ಹಾಗೆ.

ಅವಳು ಗೋಡೆಗೆ ಒರಗಿ ನಿಂತೇ ಇದ್ದಳು. ಕೆನ್ನೆ ಒದ್ದೆಯಾಗಿತ್ತು.

"ಗೋಡೆ ಗುದ್ದಲ್ವಾ?" ಅವನು ಕೇಳಿದ.

"ಉಹೂಂ."

"ನಾಳೆ ಪರೀಕ್ಷೆ ಇಲ್ವಾ?"

"ಇಲ್ಲ ಕಣೋ... ಗೋಡೆಯ ಈ ಕಡೆಗೇ ಬಂದುಬಿಟ್ಟಿದೀನಿ. ಹಾಡು."