ಬಾಯಾರದ ಇಲಿಗಳು

ಕಿಟಕಿ ಪಕ್ಕದ ಸಾಲಿನ ಇಲಿಗಳೆಲ್ಲ ಸತ್ತು ಬಿದ್ದಿದ್ದವು.

ಉಳಿದ ಪಂಜರಗಳಲ್ಲಿ ಎಂದಿನ ಓಡಾಟ, ಎಂದಿನ ಕಿಚಕಿಚ. ಸತ್ತವೆಲ್ಲ ಒಂದೇ ಪ್ರಯೋಗಕ್ಕೆ ಸೇರಿದವು. ಸಕ್ಕರೆ ಕಾಯಿಲೆ ಬರಿಸಿ, ಹೊಸ ಮಾತ್ರೆ ಕೊಟ್ಟು ಗುಣಪಡಿಸಿದ್ದ ಬಿಳಿ ಇಲಿಗಳು. ನೀರಿನ ಬಾಟಲಿಗಳು ಖಾಲಿ.

ಪ್ರಯೋಗಾಲಯದ ಪಶುವೈದ್ಯೆ ಒಂದೊಂದೇ ಪಂಜರ ತೆರೆದು ನೋಡಿದಳು. ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಇಲಿ ಡಾಕ್ಟರಮ್ಮ ಎಂದು, ಅದೂ ಮುಖಕ್ಕೇ. ಆಕೆಯ ತಂಗಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಈ ಮಾತ್ರೆಯನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಮೊದಲ ಗುಂಪಿನಲ್ಲೇ ಅವಳೂ ಇದ್ದಳು. ನಾಳೆಯೇ ಶುರು. ಇನ್ನು ಇನ್ಸುಲಿನ್ ಸೂಜಿಯ ಸಹವಾಸ ಸಾಕು, ಎಲ್ಲ ಕಸಕ್ಕೆ ಹಾಕುತ್ತೇನೆ ಎಂದು ಅವಳು ನಿನ್ನೆಯಷ್ಟೇ ಕುಣಿದಾಡಿದ್ದಳು.

ಮಾತ್ರೆ ಕಂಡುಹಿಡಿದ ದೊಡ್ಡ ಡಾಕ್ಟರು ಬಂದವರೇ ಇಲಿ ನೋಡಿಕೊಳ್ಳುವವನ ಮೇಲೆ ಹರಿಹಾಯ್ದರು. ರಜೆಯಲ್ಲಿ ನೀರು ಹಾಕದೆ ಕೊಂದಿದ್ದಾನೆ, ಸಂಜೆಯೊಳಗೆ ಕೆಲಸ ಬಿಟ್ಟು ಹೋಗಲಿ ಎಂದರು. ಬಾಟಲಿ ತುಂಬಿಸಿದ್ದೆ ಎಂದು ಅವನು ಗೋಗರೆದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಹೆಣಗಳನ್ನ ಈಗಲೇ ಸುಟ್ಟುಬಿಡಿ. ಮಧ್ಯಾಹ್ನ ಮಾತ್ರೆಯ ಪ್ರಯೋಗ ನೋಡೋಕೆ ಹೊರಗಿನ ಪರೀಕ್ಷಕರು ಬರ್ತಾರೆ, ನಾತ ಹೊಡೀಬಾರದು."

"ಸುಡೋಣ ಸರ್. ಒಂದ್ಸಲ ಕೊಯ್ದು ನೋಡ್ತೀನಿ."

"ಬಾಯಾರಿ ಸತ್ತಿದ್ದನ್ನ ಏನಮ್ಮ ಕೊಯ್ಯೋದು?"

ಡಾಕ್ಟರಮ್ಮ ಹೆಣಗಳನ್ನು ಟ್ರೇಗೆ ಹಾಕಿಕೊಂಡು ಹೊರಟಳು.

* * *

ಡಾಕ್ಟರಮ್ಮನಿಗೆ ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ನಡೆಯಬೇಕೆನಿಸುತ್ತಿತ್ತು. ಮೇಜಿನ ಮೇಲೆ ಫೋನ್ ಗುಂಯ್‌ಗುಡುತ್ತಲೇ ಇತ್ತು. ತಂಗಿ. ಎತ್ತಲಿಲ್ಲ.

ಮೊದಲ ಇಲಿಯ ಹೊಟ್ಟೆ ತುಂಬ ಮೇವು. ಬಾಯಾರಿದ ಇಲಿ ಒಣ ಮೇವು ಮುಟ್ಟುವುದಿಲ್ಲ. ಮೂತ್ರಚೀಲವೂ ತುಂಬಿತ್ತು. ಅಂದರೆ ಕೊನೆಯವರೆಗೂ ನೀರಿತ್ತು. ಬಾಟಲಿಯನ್ನು ಯಾರೋ ಖಾಲಿ ಮಾಡಿದ್ದು ಆಮೇಲೆ. ಶ್ವಾಸಕೋಶದಲ್ಲಿ, ಪ್ರಯೋಗ ಮುಗಿದ ಇಲಿಗಳನ್ನು ಕೊಲ್ಲಲು ಬಳಸುವ ಗ್ಯಾಸಿನ ಗುರುತು.

ಕತ್ತು ಮುಟ್ಟಿದಳು. ಮುರಿದಿತ್ತು. ಎರಡನೆಯದೂ ಹಾಗೆಯೇ, ಎಲ್ಲವೂ ಹಾಗೆಯೇ.

ದೊಡ್ಡ ಡಾಕ್ಟರ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿಯ ಕಡೆ ಅನುಮಾನ ತಿರುಗಿತು. ಮಾತ್ರೆಯ ಪ್ರಬಂಧದಲ್ಲಿ ಅವರು ತನ್ನ ಹೆಸರು ಬಿಟ್ಟರೆಂದು ಅವಳು ಒಳಗೊಳಗೇ ಕುದಿಯುತ್ತಿದ್ದಳು. ಇಲಿಗಳ ಕೋಣೆಯ ಕೀಲಿಯೂ ಅವಳ ಬಳಿ ಇತ್ತು.

ಕೊನೆಗೆ ಡಾಕ್ಟರಮ್ಮ ಒಂದು ಇಲಿಯ ರೆಪ್ಪೆ ಬಿಡಿಸಿ ಬೆಳಕು ಹಾಯಿಸಿದಳು. ಮತ್ತೊಂದರದ್ದನ್ನೂ ಬಿಡಿಸಿದಳು. ತಂಗಿಯ ಮುಖ ನೆನಪಾಗಿ ಅಳು ಉಕ್ಕಿ ಬಂತು.

* * *

ಪರೀಕ್ಷಕರ ಮುಂದೆ ಟ್ರೇ ಇಟ್ಟು, ಕಂಡದ್ದನ್ನೆಲ್ಲ ಹೇಳಿದಳು.

"ಗ್ಯಾಸ್ ಕೊಟ್ಟ ಮೇಲೆ ಜೀವ ಪೂರ್ತಿ ಹೋಗಿದೆಯಾ ಅಂತ ಖಾತ್ರಿ ಮಾಡ್ಕೊಳ್ಳೋದು ನಮ್ಮ ನಿಯಮ. ಪ್ರಾಣಿ ನರಳಬಾರದಲ್ಲ. ಕೊಂದವರು ಕತ್ತು ಮುರಿದು ಅದನ್ನೂ ಮಾಡಿದ್ದಾರೆ. ಕೈಗೆ ರೂಢಿ, ತಪ್ಪಿಸೋಕಾಗಿಲ್ಲ."

ಇಲಿ ನೋಡಿಕೊಳ್ಳುವವನು ಕೊಲ್ಲುವ ಹೊತ್ತಿಗೆ ಕೋಣೆಯಿಂದಲೇ ಎದ್ದು ಹೋಗುವ ಆಸಾಮಿ. ಹುಡುಗಿಗೆ ಕಲಿಸಿದ್ದು ಡಾಕ್ಟರಮ್ಮನೇ; ಖಾತ್ರಿಗೆ ಅವಳಿಗೆ ಬರುವುದು ಇಲಿಯ ಎದೆ ಕೊಯ್ದು ನೋಡುವುದು ಮಾತ್ರ. ಕತ್ತು ಮುರಿಯುವ ಹಳೆಯ ಪದ್ಧತಿ ಅಲ್ಲಿ ಒಬ್ಬರಿಗೇ ಗೊತ್ತಿತ್ತು.

ಎಲ್ಲರೂ ದೊಡ್ಡ ಡಾಕ್ಟರ ಕಡೆ ನೋಡಿದರು.

"ಗುಣವಾದ ಇಲಿಗಳನ್ನ ನಾನ್ಯಾಕಮ್ಮ ಕೊಲ್ಲಲಿ?"

"ಗುಣವಾಗಿದ್ರೆ ನೀವು ಕೊಲ್ತಿರಲಿಲ್ಲ ಸರ್."

ಮಾತ್ರೆ ಶುರುವಾಗುವ ಮೊದಲೇ ಕಾಯಿಲೆಯಿಂದ ಆ ಇಲಿಗಳ ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ಡಾಕ್ಟರಮ್ಮನೇ ನೋಡಿದ್ದಳು. ಸಕ್ಕರೆ ಇಳಿದರೂ ಬಂದ ಪೊರೆ ಕರಗುವುದಿಲ್ಲ. ಟ್ರೇಯಲ್ಲಿದ್ದವುಗಳ ಕಣ್ಣಿನಲ್ಲಿ ಪೊರೆಯ ಸುಳಿವೇ ಇಲ್ಲ. ಕಾಯಿಲೆಯ ಇಲಿಗಳು ಮಾತ್ರೆ ತಿಂದೂ ಸತ್ತಿದ್ದವು. ಅವುಗಳ ಜಾಗಕ್ಕೆ ಆರೋಗ್ಯದ ಇಲಿಗಳು ಬಂದಿದ್ದವು. ಪರೀಕ್ಷಕರು ಆ ಇಲಿಗಳನ್ನು ಪರೀಕ್ಷಿಸಿದರೆ ಬಣ್ಣ ಬಯಲಾಗುತ್ತಿತ್ತು. ಅದಕ್ಕೇ ಈ ಸಾವು, ಸುಡುವ ಈ ಅವಸರ.

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ನೊಂದಿಷ್ಟು ಕಾಲ ಸಿಕ್ಕಿದ್ರೆ ಮಾತ್ರೆ ಸರಿಹೋಗ್ತಿತ್ತು," ಎಂದು ಗೊಣಗಿದರು.

ಡಾಕ್ಟರಮ್ಮ ಹೊರಗೆ ಬಂದು ತಂಗಿಗೆ ಫೋನ್ ಮಾಡಿದಳು.

"ಪುಟ್ಟಿ, ಮಾತ್ರೆ ಇಲ್ಲ ಕಣೆ. ಎಲ್ಲಾ ಸುಳ್ಳು. ಸೂಜಿ ಕಸಕ್ಕೆ ಹಾಕಬೇಡ."

"ಬೆಳಗ್ಗೆನೇ ಹಾಕ್ಬಿಟ್ಟೆ ಅಕ್ಕಾ. ಔಷಧಿನೂ ಹಾಕ್ದೆ. ಇವತ್ತಿಂದು ತಗೊಂಡೇ ಇಲ್ಲ."

ಡಾಕ್ಟರಮ್ಮ ಬಿಳಿ ಕೋಟಿನಲ್ಲೇ ಔಷಧಿ ಅಂಗಡಿಯ ಕಡೆ ಓಡಿದಳು.